ಹಗಲು ಮಲಗದ ಮುಳ್ಳಿಲಿ

ಇಲಿ ಹಿಡಿಯುವುದರಲ್ಲಿ ಹರವೆ ಹೋಬಳಿಯಲ್ಲಿ ನನ್ನನ್ನು ಮೀರಿಸಿದವರು ಇರಲಿಲ್ಲ. ಜಂಬ ಅಂದುಕೊಳ್ಳಬೇಡಿ, ಬೇಕಾದರೆ ಯಾವ ಹೊಲದವರನ್ನಾದರೂ ಕೇಳಿ. ಬಿಲದ ಬಾಯಿಯ ಮಣ್ಣು ನೋಡಿದರೆ ಸಾಕು, ಒಳಗೆ ಎಷ್ಟಿವೆ, ಮರಿ ಹಾಕಿವೆಯೋ ಇಲ್ಲವೋ ಎಂದು ಹೇಳಿಬಿಡುತ್ತಿದ್ದೆ. ನನ್ನ ಆಯುಧ ಒಂದು ಮಣ್ಣಿನ ಗಡಿಗೆ. ಅದರ ತಳಕ್ಕೆ ಹೆಬ್ಬೆರಳು ಹೋಗುವಷ್ಟು ತೂತು. ಒಳಗೆ ಒಣಹುಲ್ಲು, ನಾಲ್ಕು ಒಣಮೆಣಸಿನಕಾಯಿ, ಒಂದು ಕೆಂಡ. ಅಕ್ಕಪಕ್ಕದ ಬಿಲಗಳಿಗೆಲ್ಲ ಮೊದಲು ಮಣ್ಣು ಮೆತ್ತಬೇಕು. ಒಂದನ್ನು ಮಾತ್ರ ಬಿಟ್ಟು ಅದಕ್ಕೆ ಬಲೆಚೀಲ ಕಟ್ಟಬೇಕು. ಆಮೇಲೆ ಗಡಿಗೆಯ ಬಾಯನ್ನು ದೊಡ್ಡ ಬಿಲಕ್ಕೆ ಒತ್ತಿ ಹಿಡಿದು ತಳದ ತೂತಿನಿಂದ ಊದಬೇಕು. ಹೊಗೆ ಒಳಗೆ ಹೋಗುತ್ತದೆ, ಇಲಿ ಚೀಲಕ್ಕೆ ಬರುತ್ತದೆ. ಅಪ್ಪ ಕಲಿಸಿದ್ದು ಇಷ್ಟು, ನನಗೆ ಗೊತ್ತಿದ್ದದ್ದೂ ಇಷ್ಟೇ.

ನನಗಿದ್ದ ರೋಗ ಒಂದೇ, ಕೂತಲ್ಲಿ ಕೂರಲಾರೆ. ಉಣ್ಣುವಾಗಲೂ ನನ್ನ ಒಂದು ಕಾಲು ಹೊಸಿಲಿನ ಆಚೆಗಿರುತ್ತದೆ ಎಂದು ಹೆಂಡತಿ ಪುಟ್ಟಮಾದಮ್ಮ ಬಯ್ಯುತ್ತಿದ್ದಳು. ಕೋಪವೂ ಮೂಗಿನ ತುದಿಯಲ್ಲೇ ಇತ್ತು. ಅದರಲ್ಲೂ 'ಇಲಿ ಮಾದ' ಎಂದು ಯಾರಾದರೂ ಕರೆದರೆ ಮೈಯೆಲ್ಲ ಉರಿಯುತ್ತಿತ್ತು. ಇಲಿ ಕಾಟ ಬಂದಾಗ 'ಮಾದಣ್ಣ ಬಾರಪ್ಪ', ಕಾಟ ತೀರಿದ ಮೇಲೆ 'ಇಲಿ ಮಾದ'. ಊರಿನ ನಾಲಿಗೆ ಹಾಗೆ.

ಆ ವರ್ಷ ಮಗಳು ಚಾಮುಂಡಿಗೆ ಚಾಮರಾಜನಗರದಿಂದ ಒಂದು ಸಂಬಂಧ ಬಂತು. ಹುಡುಗ ಒಂದು ಸರ್ಕಾರಿ ಕಚೇರಿಯಲ್ಲಿ ಜವಾನ. ಹುಡುಗಿಯನ್ನು ನೋಡಿ ಒಪ್ಪಿದರು. ಕೊನೆಗೆ ಹುಡುಗನ ತಾಯಿ ನನ್ನ ಕೆಲಸ ಏನೆಂದು ಕೇಳಿದಳು. ಇದ್ದದ್ದನ್ನು ಹೇಳಿದೆ. ಆಕೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, "ಬೀಗ್ರು ನಮ್ಮನಗ ಬರವಾಗ ಗಡಿಗನೂ ಎತ್ಕಂಡು ಬತ್ತಾರ?" ಎಂದು ನಕ್ಕಳು. ಒಳಗೆ ಚಾಮುಂಡಿ ಎಲ್ಲವನ್ನೂ ಕೇಳಿಸಿಕೊಂಡಳು. 'ಯೋಚನೆ ಮಾಡಿ ಹೇಳುತ್ತೇವೆ' ಎಂದು ಎದ್ದು ಹೋದರು.

ಅದಾದ ವಾರಕ್ಕೇ ನಮ್ಮೂರಿನವನೇ ಆದ ಚಿಕ್ಕಬಸವಯ್ಯ ಬಂದ. ಅವನು ಗುಂಡ್ಲುಪೇಟೆಯ ಆಚೆ, ವೈನಾಡಿನ ಗಡಿಯ ಮದ್ದೂರಿನಲ್ಲಿ ಫಾರೆಸ್ಟ್ ಗಾರ್ಡು. ಮೈಸೂರಿನ ಕಾಲೇಜಿನಿಂದ ಒಬ್ಬ ಪ್ರೊಫೆಸರು ಬಂದು ಗುಂಡ್ಲುಪೇಟೆ ಬಂಗಲೆಯಲ್ಲಿ ಇಳಿದಿದ್ದಾರೆ, ಅವರಿಗೆ ಕಾಡಿನ ಯಾವುದೋ ಇಲಿ ಜೀವಂತ ಬೇಕಂತೆ, ಒಂದು ಜೋಡಿ, ಎಂದು ಹೇಳಿದ. ನನ್ನ ಹೆಸರನ್ನು ಅವನೇ ಹೇಳಿ ಬಂದಿದ್ದ. ನಾನು ಅರ್ಧ ಮಾತಿಗೇ ಎದ್ದು ಗಡಿಗೆಯನ್ನು ಹುಲ್ಲಿನಲ್ಲಿ ಸುತ್ತಿದೆ.

ಪ್ರೊಫೆಸರು ಸಣ್ಣ ಆಳು, ದೊಡ್ಡ ಕನ್ನಡಕ, ಮೆತ್ತನೆಯ ಮಾತು. ನನ್ನನ್ನು ಬೆಂಚಿನ ಮೇಲೆ ಕೂರಿಸಿ ಒಂದು ಚಿತ್ರ ತೋರಿಸಿದರು. ಅಳಿಲಿಗಿಂತ ಚಿಕ್ಕದು, ಬೆನ್ನು ಕೆಂಗಂದು, ಹೊಟ್ಟೆ ಬಿಳಿ, ಬಾಲದ ತುದಿ ಬಣ್ಣ ಬಳಿಯುವ ಕುಂಚದ ಹಾಗೆ ಕೆದರಿತ್ತು. ಬೆನ್ನಿನ ಕೂದಲ ನಡುವೆ ಚಪ್ಪಟೆ ಮುಳ್ಳುಗಳು.

"ಇದು ಮುಳ್ಳಿಲಿ, ಮಾದಣ್ಣ. ನೆಲದಲ್ಲಿ ಬಿಲ ತೋಡುವುದಿಲ್ಲ. ದೊಡ್ಡ ಮರಗಳ ಪೊಟರೆಯಲ್ಲಿ ಎಲೆ ಪಾಚಿ ಹಾಸಿಕೊಂಡು ಇರುತ್ತದೆ. ಹಗಲೆಲ್ಲ ನಿದ್ದೆ, ಸಂಜೆಯ ಮೇಲೆ ಓಡಾಟ. ಘಟ್ಟದ ಆಚೆ ಮೆಣಸಿನ ತೋಟದವರಿಗೆ ಇದರ ಕಾಟ ಚೆನ್ನಾಗಿ ಗೊತ್ತು" ಎಂದರು.

ಆಗಿನ್ನೂ ವೈನಾಡು ಮದರಾಸಿಗೆ ಸೇರಿತ್ತು. ಅಲ್ಲಿಂದ ಬರುವ ಗಾಡಿಯವರು ಮೆಣಸು ಕಡಿಯುವ ಇಲಿಯ ಮಾತು ಆಡುತ್ತಿದ್ದುದನ್ನು ನಾನೂ ಕೇಳಿದ್ದೆ.

"ಪರದೇಶಗಳಲ್ಲಿ ಇದರ ನೆಂಟರಿದ್ದಾರೆ. ಬೇರೆ ಬೇರೆ ಜಾತಿ. ಹೊಟ್ಟೆತುಂಬ ತಿಂದು ಕೊಬ್ಬಿ, ಚಳಿಗಾಲ ಬಂದರೆ ಉಂಡೆಯಾಗಿ ಸುತ್ತಿಕೊಂಡು ಆರು ತಿಂಗಳು ಮಲಗಿಬಿಡುತ್ತವೆ. ನಮ್ಮದು ಆ ವಂಶದ್ದೇ ಅಥವಾ ಬೇರೆಯೇ ಎಂದು ಪಂಡಿತರಲ್ಲಿ ಜಗಳ ಇದೆ. ಇದು ಹೇಗೆ ಮಲಗುತ್ತದೆ, ಎಷ್ಟು ಹೊತ್ತು ಮಲಗುತ್ತದೆ ಅಂತ ಕಣ್ಣಾರೆ ನೋಡಿ ಬರೆದವರಿಲ್ಲ. ನಾನು ಬರೆಯಬೇಕು."

"ಆರು ತಿಂಗ್ಳಾ ಸ್ವಾಮಿ? ನಂಗ ಆರು ಗಳ್ಗ ನಿದ್ದ ಬಂದ್ರ ಅದೇ ಹೆಚ್ಚು" ಎಂದೆ.

ಅವರು ನಕ್ಕರು. ಸೋಮವಾರ ಮೈಸೂರಿಗೆ ಹಿಂದಿರುಗುತ್ತೇನೆ, ಅಷ್ಟರಲ್ಲಿ ಜೋಡಿ ತಂದುಕೊಟ್ಟರೆ ಕಾಲೇಜಿನಲ್ಲಿ ಪ್ರಾಣಿಗಳನ್ನು ನೋಡಿಕೊಳ್ಳುವ ಜವಾನನ ಕೆಲಸ ಖಾಲಿ ಇದೆ, ನಿನ್ನ ಹೆಸರು ಬರೆಯುತ್ತೇನೆ ಎಂದರು. ಖಾಕಿ ಕೋಟು, ತಿಂಗಳ ಸಂಬಳ, ಸರ್ಕಾರದ ಕೆಲಸ. ಚಾಮುಂಡಿಯ ಮುಖ ನೆನಪಾಯಿತು. ಬೆಂಚಿನ ಮೇಲೆ ಇನ್ನೊಂದು ಕ್ಷಣ ಕೂರಲು ಆಗಲಿಲ್ಲ.

ಮಂಗಳವಾರ ಮದ್ದೂರಿಗೆ ಬಂದೆ. ಚಿಕ್ಕಬಸವಯ್ಯ ನನ್ನನ್ನು ಚಿಕ್ಕನಿಂಗಮ್ಮನ ಗುಡಿಸಲಿಗೆ ಕರೆದುಕೊಂಡು ಹೋದ. ಅವಳು ಗಂಡ ಸತ್ತವಳು, ಐವತ್ತರ ಹತ್ತಿರದ ಹೆಂಗಸು. ಅರಣ್ಯದವರು ಕೊಟ್ಟ ಪಾಸು ಇಟ್ಟುಕೊಂಡು ಸೀಗೆಕಾಯಿ, ಅಂಟುವಾಳ, ಜೇನು ತಂದು ಮಾರಿ ಬದುಕುತ್ತಿದ್ದಳು. ಆ ಪಾಸು ಇಲ್ಲದಿದ್ದರೆ ಕಾಡಿನೊಳಗೆ ಕಾಲಿಡುವಂತಿಲ್ಲ, ಗಂಜಿಯೂ ಇಲ್ಲ. ಮುಳ್ಳಿಲಿ ಇರುವ ಮರ ಗೊತ್ತಿದ್ದದ್ದು ಅವಳಿಗೆ ಮಾತ್ರ. ಅವಳು ನನ್ನನ್ನೂ ನನ್ನ ಗಡಿಗೆಯನ್ನೂ ಮೇಲಿಂದ ಕೆಳಗೆ ನೋಡಿದಳು.

"ಅದ ಯಾನಕ್ಕ?"

"ಹೊಗ ಆಕಕ."

"ಗುಡ್ಲಲ್ಲೇ ಮಡ್ಗು ಅದ" ಎಂದಳು.

ಮರ ಇದ್ದದ್ದು ಗಡಿಯ ಕಡೆಯ ಹಳ್ಳದ ಪಕ್ಕದಲ್ಲಿ. ಹಳೆಯ ತಾರೆ ಮರ, ನಾಲ್ಕು ಜನ ಕೈ ಹಿಡಿದರೂ ತಬ್ಬಲಾಗದಂಥದ್ದು. ಬುಡದಲ್ಲಿ ನಾಯಿ ನುಗ್ಗುವಷ್ಟು ದೊಡ್ಡ ಪೊಟರೆ. ಎರಡಾಳು ಎತ್ತರದಲ್ಲಿ ಮುಷ್ಟಿಯಗಲದ ಇನ್ನೊಂದು. ಅದರ ಅಂಚು ಹೊಸದಾಗಿ ಕಡಿದು ನುಣ್ಣಗಾಗಿತ್ತು. ಒಳಗೆ ಇಲಿ ಇದೆ ಎಂದು ಹೇಳಲು ನನಗೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಹಳ್ಳದಲ್ಲಿ ತೇವ ಇತ್ತು, ಆದರೆ ಮೇಲಿನ ದಿಬ್ಬದ ಬಿದಿರು, ಹುಲ್ಲು ಎಲ್ಲ ಬೇಸಿಗೆಗೆ ಒಣಗಿ ನಿಂತಿದ್ದವು. ಯುಗಾದಿಗೆ ಹದಿನೈದು ದಿನ ಇತ್ತು.

ಚಿಕ್ಕನಿಂಗಮ್ಮನ ಉಪಾಯ ಬೇರೆ. ಮೀನು ಹಿಡಿಯುವ ಬಿದಿರಿನ ಕೂಳಿಯನ್ನು ಮೇಲಿನ ಪೊಟರೆಯ ಬಾಯಿಗೆ ಕಟ್ಟಿ, ಒಳಗೆ ಅತ್ತಿಹಣ್ಣು ಹಿಸುಕಿ ಬಳಿದಳು. ಸಂಜೆ ಇಲಿ ಹೊರಗೆ ಬರುವಾಗ ತಾನಾಗಿ ಕೂಳಿಯೊಳಗೆ ಇಳಿಯಬೇಕು. ಆದರೆ ಕೂಳಿಗೆ ಅಂಟಿದ ಮನುಷ್ಯರ ವಾಸನೆ ಹೋಗಲು ನಾಲ್ಕೈದು ಸಂಜೆ ಬೇಕು, ಅಲ್ಲಿಯವರೆಗೆ ದೂರದಲ್ಲಿ ಅಲ್ಲಾಡದೆ ಕೂತು ನೋಡುತ್ತಿರಬೇಕು. ಅಲ್ಲಾಡದೆ ಕೂರುವುದು! ನನಗೆ!

ಮೊದಲ ಸಂಜೆ ಹೊತ್ತು ಮುಳುಗುತ್ತಿದ್ದ ಹಾಗೆ ಪೊಟರೆಯಿಂದ ಒಂದು ಮೂತಿ ಹೊರಗೆ ಬಂತು. ಮೀಸೆ ಅದುರಿಸಿತು. ನನ್ನ ಕಾಲು ತಾನಾಗಿ ಜರುಗಿತು, ತರಗೆಲೆ ಸದ್ದು ಮಾಡಿತು, ಮೂತಿ ಒಳಗೆ ಹೋಯಿತು. ಎರಡನೆಯ ಸಂಜೆ ಮೂತಿಯೂ ಬರಲಿಲ್ಲ.

"ನಿನ್ ತೊಡ ಒಂದೇ ಸಮ ಕುಣೀತದಲ್ಲಾ, ಅದ್ಯಾನ ರೋಗ?" ಎಂದು ಚಿಕ್ಕನಿಂಗಮ್ಮ ಬಯ್ದಳು.

"ಸೋಮಾರ ಅವ್ರು ಒಂಟೋಯ್ತಾರ ಅಕ್ಕ. ನಾ ಒಂದ್ ಸಲ ಊದ್ಬುಟ್ರ ಅರ್ಧ ಗಳ್ಗ ಕೆಲ್ಸ."

ಅವಳ ಮುಖ ಗಟ್ಟಿಯಾಯಿತು. "ನೋಡು ಮಾದ, ನಾ ಒಂದೇ ಸಲ ಯೋಳದು. ಮರಕ್ಕ ಹೊಗ ಆಕ್ಬ್ಯಾಡ. ನಿಮ್ಮ ಹೊಲ್ದಲ್ಲಿ ಬಿಲ ಅಂದ್ರ ಸುತ್ತಲೂ ಮಣ್ಣು. ಇಲ್ಲಿ ಸುತ್ತಲೂ ಸೌದ. ನಾಳ ಒಂದಿನ ನಾ ಸೀಗಕಾಯಿ ತೂಕಕ್ಕ ಆಕ್ಬುಟ್ಟು ಬತ್ತೀನಿ, ನೀನು ಗುಡ್ಲಲ್ಲೇ ಇರು."

ಹೇಳಿದ್ದು ಸರಿಯಾಗಿತ್ತು. ನನಗೆ ಚುಚ್ಚಿದ್ದು ಅದಲ್ಲ. ಒಬ್ಬ ಹೆಂಗಸು, ಅದೂ ಇಲಿಯ ವಿಷಯದಲ್ಲಿ, ನನಗೆ ಬುದ್ಧಿ ಹೇಳಿದಳಲ್ಲ ಎನ್ನುವುದು ಚುಚ್ಚಿತು. ಗುರುವಾರ ಹೊತ್ತೇರುವವರೆಗೆ ಗುಡಿಸಲ ಮುಂದೆ ಹಿಂದಕ್ಕೂ ಮುಂದಕ್ಕೂ ನಡೆದೆ. ಆಮೇಲೆ ಗಡಿಗೆ ಎತ್ತಿಕೊಂಡು ಹೊರಟೇಬಿಟ್ಟೆ. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಸುಮ್ಮನೆ ಹೇಳಿಲ್ಲ.

ಹೊಲದಲ್ಲಿ ಮಾಡುವುದನ್ನೇ ಮಾಡಿದೆ. ಮರಕ್ಕೆ ಒರಗಿಸಿದ್ದ ಬಿದಿರು ಹತ್ತಿ, ಕೂಳಿ ಬಿಚ್ಚಿ ಕೆಳಗಿಟ್ಟು ಮೇಲಿನ ಪೊಟರೆಗೆ ಬಲೆಚೀಲ ಕಟ್ಟಿದೆ. ಕಣ್ಣಿಗೆ ಬಿದ್ದ ಸಂದುಗಳಿಗೆಲ್ಲ ಹಳ್ಳದ ಮಣ್ಣು ಮೆತ್ತಿದೆ. ಬುಡದ ಪೊಟರೆಯನ್ನೂ ಗಡಿಗೆಯ ಬಾಯಷ್ಟು ಬಿಟ್ಟು ಮಣ್ಣಿನಿಂದ ಮುಚ್ಚಿದೆ. ಗಡಿಗೆ ಒತ್ತಿ ಹಿಡಿದು ಊದಿದೆ. ಮರದ ಒಳಗೆ ಏನೋ ಗರಗರ ಸದ್ದಾಯಿತು. ಎರಡನೆಯ ಸಲ ಊದುವಷ್ಟರಲ್ಲಿ ಮೇಲೆ ಚೀಲ ಕುಪ್ಪಳಿಸಿತು, ಮತ್ತೊಮ್ಮೆ ಕುಪ್ಪಳಿಸಿತು. ಎರಡು! ಗಡಿಗೆಯನ್ನು ಹಾಗೇ ಬಿಟ್ಟು ಬಿದಿರು ಹಿಡಿದು ಹತ್ತಿ, ಚೀಲದ ಕತ್ತು ಬಿಗಿದು ಇಳಿದೆ. ಒಬ್ಬನೇ ನಗುತ್ತಿದ್ದೆ. ಮನಸ್ಸಿನಲ್ಲಿ ಖಾಕಿ ಕೋಟನ್ನು ಆಗಲೇ ತೊಟ್ಟಿದ್ದೆ.

ಗಡಿಗೆ ತೆಗೆದುಕೊಳ್ಳಲು ಬಗ್ಗಿದಾಗ ನೋಡಿದೆ. ನಾನು ಊದುತ್ತಿರಲಿಲ್ಲ, ಆದರೂ ಕೆಂಡ ಕೆಂಪಗೆ ಉರಿಯುತ್ತಿತ್ತು. ತಳದ ತೂತಿನಿಂದ ಗಾಳಿ ತಾನಾಗಿ ಒಳಗೆ ಹೋಗುತ್ತಿತ್ತು. ಮರವೇ ಎಳೆದುಕೊಳ್ಳುತ್ತಿತ್ತು. ತಲೆ ಎತ್ತಿ ನೋಡಿದರೆ ಮರದ ನೆತ್ತಿಯಲ್ಲಿ, ಯಾವ ಕಾಲದಲ್ಲೋ ಕೊಂಬೆ ಮುರಿದಿದ್ದ ಕಡೆಯಿಂದ, ದಪ್ಪ ಹೊಗೆ ಏಳುತ್ತಿತ್ತು. ಬುಡದಿಂದ ನೆತ್ತಿಯವರೆಗೆ ಅದು ಟೊಳ್ಳು, ಒಳಗೆ ನೂರು ವರ್ಷದ ಒಣ ಪುಡಿ. ಹೊಲದ ಬಿಲಕ್ಕೆ ನೆತ್ತಿ ಇರುವುದಿಲ್ಲ. ನಾನು ನೆತ್ತಿಯನ್ನು ನೋಡಿಯೇ ಇರಲಿಲ್ಲ.

ಗಾಬರಿಯಲ್ಲಿ ಗಡಿಗೆ ಕಿತ್ತೆ. ಅದು ಇನ್ನೂ ದೊಡ್ಡ ತಪ್ಪು. ಬಾಯಿ ತೆರೆದುಕೊಂಡ ಕೂಡಲೇ ಬೆಂಕಿ ಭರ್ರೆಂದು ಮೇಲೇರಿತು. ಹಳ್ಳದ ನೀರನ್ನು ಗಡಿಗೆಯಲ್ಲಿ ತರೋಣವೆಂದರೆ ಅದರ ತಳಕ್ಕೆ ತೂತು. ನೆತ್ತಿಯಿಂದ ಹಾರಿದ ಕಿಡಿ ದಿಬ್ಬದ ಬಿದಿರಿಗೆ ಬಿತ್ತು. ಬಿದಿರಿನ ಗೆಣ್ಣುಗಳು ಒಂದೊಂದಾಗಿ ಸಿಡಿಯತೊಡಗಿದವು. ಸಾಕ್ಷಿ ಉಳಿಯಬಾರದೆಂದು ಗಡಿಗೆಯನ್ನು ಕಲ್ಲಿಗೆ ಒಡೆದು ಚೂರುಗಳನ್ನು ಹಳ್ಳಕ್ಕೆ ಎಸೆದೆ. ಬೆಂಕಿ ಆರಿಸುವ ಮೊದಲು ನಾನು ಮಾಡಿದ ಕೆಲಸ ಅದು. ಆಮೇಲೆ ಕೂಗುತ್ತ ಓಡಿದೆ.

ಮೊದಲು ಎದುರಾದವಳು ಚಿಕ್ಕನಿಂಗಮ್ಮ. ಹೊಗೆ ನೋಡಿ ಸೀಗೆಕಾಯಿ ಮೂಟೆಯನ್ನು ದಾರಿಯಲ್ಲೇ ಬಿಸಾಕಿ ಬಂದಿದ್ದಳು. ಹಸಿ ಸೊಪ್ಪಿನ ಕೊಂಬೆ ಕಡಿದು ನನ್ನ ಕೈಗೆ ಕೊಟ್ಟು, "ಬಡಿ" ಎಂದಳು. ಚಿಕ್ಕಬಸವಯ್ಯ ಕೂಲಿಯವರನ್ನು ಕರೆತಂದ. ದಿಬ್ಬದ ಆಚೆ ಬೆಂಕಿ ದಾಟದಿರಲೆಂದು ಮೊದಲೇ ಸವರಿದ ಗೆರೆ ಇತ್ತು. ಅಲ್ಲಿ ನಿಂತು ಎಲ್ಲರೂ ಬಡಿದೆವು. ಸಂಜೆಗೆ ಬೆಂಕಿ ನಿಂತಿತು. ಚಿಕ್ಕನಿಂಗಮ್ಮನ ಹುಬ್ಬುಗಳು ಸುಟ್ಟಿದ್ದವು, ಅಂಗೈ, ಬೆರಳುಗಳಲ್ಲಿ ಬೊಬ್ಬೆ ಎದ್ದಿತ್ತು. ಅವಳು ನನ್ನ ಹೆಗಲಿಗೆ ನೇತುಬಿದ್ದಿದ್ದ ಬಲೆಚೀಲವನ್ನು ನೋಡಿದಳು. ಒಳಗೆ ಎರಡು ಜೀವ ಮಿಸುಕುತ್ತಿದ್ದವು. ಅವಳು ಮೂಟೆ ಬಿಸಾಕಿದ್ದ ಕಡೆಗೆ ಹೋದಳು.

ಆ ಸಂಜೆ ಗಾರ್ಡಿನ ಮನೆಯ ಜಗಲಿಯಲ್ಲಿ ಇಲಿಗಳನ್ನು ತಂತಿಯ ಬೋನಿಗೆ ಬಿಟ್ಟೆ. ಒಂದು ಗಂಡು, ಒಂದು ಹೆಣ್ಣು. ಹೆಣ್ಣನ್ನು ಹಿಡಿದಾಗ ಹೊಟ್ಟೆಯ ಬಿಳಿ ಕೂದಲು ಬೆರಳಿಗೆ ಅಂಟಿತು. ತಿರುಗಿಸಿ ನೋಡಿದೆ. ಮೊಲೆಗಳು ಉಬ್ಬಿದ್ದವು, ಒತ್ತಿದರೆ ಹಾಲು ಬಂತು. ಮೂವತ್ತು ವರ್ಷ ಇಲಿ ಹಿಡಿದವನಿಗೆ ಇನ್ನೇನು ಹೇಳಬೇಕು? ಮರಿಗಳು ಮರದಲ್ಲಿದ್ದವು. ಹೊಲದಲ್ಲಿ ಎಷ್ಟೋ ಬಿಲಗಳ ಮರಿಗಳನ್ನು ಸನಿಕೆಯಿಂದ ಎತ್ತಿ ಎಸೆದಿದ್ದೇನೆ, ತಿರುಗಿ ನೋಡಿದವನಲ್ಲ. ಅಂದು ಬೆರಳಿನ ಹಾಲನ್ನು ಮತ್ತೆ ಮತ್ತೆ ಒರೆಸಿಕೊಂಡು ಬೋನು ಮುಚ್ಚಿದೆ.

ಚಿಕ್ಕಬಸವಯ್ಯನಿಗೆ ನಿಜ ಹೇಳಿದೆ. ಅವನು ಬಾಗಿಲು ಮುಂದಕ್ಕೆ ಮಾಡಿ ಬಂದು ಕೂತ.

"ನೋಡ್ಲಾ ಮಾದ, ನಾಳ ರೇಂಜರ್ ಸಾಯೇಬ್ರು ಗುಂಡ್ಲುಪ್ಯಾಟಯಿಂದ ಬತ್ತಾರ. ಬೆಂಕಿ ಯಾರು ಹಚ್ಚುದ್ರು ಅಂತ ಬರೀಬೇಕು. ನಿನ್ನೆಸ್ರು ಬರದ್ರ ನಿನ್ನ ಒಳಗ ಬುಟ್ಟವನು ನಾನು, ನನ್ನೆಸ್ರೂ ಬತ್ತದ. ನಿನ್ ಕೆಲ್ಸನೂ ಓಯ್ತು, ನನ್ ಕೆಲ್ಸನೂ ಓಯ್ತು."

"ಮತ್ತ ಯಾನ ಮಾಡದು ಬಸವಯ್ಯನೋರೆ?"

"ಚಿಕ್ಕನಿಂಗಮ್ಮ ಜೇನ್ಗ ಹೊಗ ಆಕದು ಇದ್ದದ್ದೇಯ. ಅದ್ರಿಂದ ಅತ್ಕತ್ತು ಅಂತ ಬರದ್ರ ಮುಗೀತು. ಪಾಸು ಕಿತ್ಕತ್ತಾರ, ಅಷ್ಟೇಯ. ಹೆಂಗ್ಸು, ಜೈಲ್ಗ ಯಾರೂ ಕಳ್ಸಲ್ಲ."

ನಾನು ಬೇಡ ಎನ್ನಬೇಕಿತ್ತು. ಎನ್ನಲಿಲ್ಲ. ನಿದ್ದೆಯೂ ಬರಲಿಲ್ಲ. ಅದೇನೂ ಹೊಸದಲ್ಲ, ಆದರೆ ಅಂದು ಎದ್ದು ತಿರುಗಾಡಲೂ ಮನಸ್ಸಾಗಲಿಲ್ಲ.

ಶುಕ್ರವಾರ ಬೆಳಿಗ್ಗೆ ರೇಂಜರು ಬಂದರು. ಜಗಲಿಯ ಮೇಲೆ ಮೇಜು ಹಾಕಿದರು. 'ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ' ಎನ್ನುವ ಹಾಗೆ ನಾನು ಸುಮ್ಮಸುಮ್ಮನೆ ಅಂಗೈ ಒರೆಸಿಕೊಳ್ಳುತ್ತಿದ್ದೆ. ಚಿಕ್ಕನಿಂಗಮ್ಮನನ್ನು ಕರೆಸಿದರು. ಅವಳ ಕೈಗೆ ಬಟ್ಟೆ ಸುತ್ತಿತ್ತು.

"ಜೇನಿಗೆ ಹೊಗೆ ಹಾಕಿದ್ದು ನೀನೇನಮ್ಮ?"

"ನಾನಲ್ಲ ಸ್ವಾಮಿ. ನಾ ಸೀಗಕಾಯಿ ತೂಕಕ್ಕ ಓಗಿದ್ದೆ."

"ಮತ್ತೆ ಅಲ್ಲಿ ಇನ್ನು ಯಾರಿದ್ದರು?"

ಅವಳು ತಿರುಗಿ ನನ್ನನ್ನು ನೋಡಿದಳು. ಬೆರಳು ತೋರಿಸಲಿಲ್ಲ, ಹೆಸರು ಹೇಳಲಿಲ್ಲ, ಸುಮ್ಮನೆ ನೋಡಿದಳು. ಹೇಳುವುದು ನನ್ನ ಪಾಲಿನದು ಎಂದು ಕಾಯುತ್ತಿದ್ದಳು. ನಾನು ಬೋನಿನ ಕಡೆ ನೋಡಿದೆ. ಗಂಡು ಮೂಲೆಯಲ್ಲಿ ಉಂಡೆಯಾಗಿ ಮಲಗಿತ್ತು. ಹೆಣ್ಣು ಬೋನಿನ ಉದ್ದಕ್ಕೂ ಓಡುತ್ತಿತ್ತು, ತುದಿಗೆ ಹೋಗಿ ತಂತಿ ಕಡಿಯುತ್ತಿತ್ತು, ಮತ್ತೆ ಹಿಂದಕ್ಕೆ ಓಡುತ್ತಿತ್ತು. ಚಿಕ್ಕಬಸವಯ್ಯ ಮುಂದೆ ಬಂದು, "ಒಪ್ಕಂಬುಡು ನಿಂಗಮ್ಮ, ಇಲ್ದಿದ್ರ ಗುಂಡ್ಲುಪ್ಯಾಟ ಕೋರ್ಟ್ಗ ತಿರುಗ್ಬೇಕಾಯ್ತದ" ಎಂದ. ಅವಳು ನನ್ನನ್ನು ಇನ್ನೊಂದು ಸಲ ನೋಡಿ, ಬಟ್ಟೆ ಬಿಚ್ಚಿ, ಬೊಬ್ಬೆ ಎದ್ದಿದ್ದ ಹೆಬ್ಬೆರಳನ್ನೇ ಮಸಿಗೆ ಒತ್ತಿದಳು. ಸೆರಗಿನ ಗಂಟಿನಿಂದ ಪಾಸು ತೆಗೆದು ಮೇಜಿನ ಮೇಲಿಟ್ಟಳು.

ಅವತ್ತಿನ ಬಸ್ಸಿಗೆ ನಾನು ಗುಂಡ್ಲುಪೇಟೆಗೆ ಹೋದೆ. ತೊಡೆಯ ಮೇಲೆ ಬೋನು. ದಾರಿಯುದ್ದಕ್ಕೂ ಆ ಹೆಣ್ಣು ಓಡಿತು. ಅದರ ಉಗುರು ತಂತಿಗೆ ತಾಗುವ ಸದ್ದು ಬಸ್ಸಿನ ಸದ್ದಿನಲ್ಲೂ ನನಗೆ ಕೇಳಿಸುತ್ತಿತ್ತು.

ಪ್ರೊಫೆಸರ ಸಂತೋಷ ಹೇಳತೀರದು. ನನ್ನ ಬೆನ್ನು ತಟ್ಟಿದರು. ನನ್ನೆದುರಿಗೇ ಕಾಗದ ತೆಗೆದು ಕೆಲಸದ ಅರ್ಜಿ ಬರೆದರು. ಹೆಸರು ಮಾದಣ್ಣ, ಊರು ಹರವೆ. ಇಲಿಗಳನ್ನು ನೋಡಿಕೊಂಡು ಎರಡು ದಿನ ಬಂಗಲೆಯಲ್ಲೇ ಇರು, ಸೋಮವಾರ ಜೊತೆಯಲ್ಲೇ ಮೈಸೂರಿಗೆ ಹೋಗೋಣ ಎಂದರು. ನಾನು ಬೋನು ತೊಳೆದೆ, ಹಣ್ಣು ಹಾಕಿದೆ, ನೀರಿಟ್ಟೆ. ಗಂಡು ಸಂಜೆ ಎದ್ದು ತಿಂದು ಬೆಳಿಗ್ಗೆ ಮಲಗಿತು. ಹೆಣ್ಣು ತಿನ್ನಲಿಲ್ಲ. ಹಗಲಿಲ್ಲ, ಇರುಳಿಲ್ಲ, ಓಡಿದ್ದೇ ಓಡಿದ್ದು. ತಂತಿ ಕಡಿದು ಕಡಿದು ಮೂತಿಯಲ್ಲಿ ರಕ್ತ ಒಸರಿತ್ತು. ಪ್ರೊಫೆಸರು ಕೈಗಡಿಯಾರ ನೋಡಿಕೊಂಡು ಪುಸ್ತಕದಲ್ಲಿ ಗುರುತು ಹಾಕುತ್ತಿದ್ದರು. ನಾನು ಹೊರಗೆ ಹೋಗುವುದು, ಒಳಗೆ ಬರುವುದು, ಮತ್ತೆ ಹೊರಗೆ ಹೋಗುವುದು. ಅಡುಗೆಯವನು "ನಿಂಗೂ ಒಂದು ಬೋನು ಬೇಕಾ?" ಎಂದು ಕೇಳಿದ. ಬೇರೆ ದಿನವಾಗಿದ್ದರೆ ಅವನ ಕೆನ್ನೆಗೆ ಬಿಗಿಯುತ್ತಿದ್ದೆ.

ಭಾನುವಾರ ಮಧ್ಯಾಹ್ನ ಪ್ರೊಫೆಸರು ನನ್ನನ್ನು ಕರೆದರು. ಕಣ್ಣು ಹೊಳೆಯುತ್ತಿತ್ತು.

"ಮಾದಣ್ಣ, ಇದು ಯಾರೂ ಕಂಡಿರದ ವಿಷಯ. ಗಂಡು ಹಗಲು ಮಲಗುತ್ತದೆ, ಹೆಣ್ಣು ಮಲಗುವುದೇ ಇಲ್ಲ. ಗಂಡು ಮಲಗಿದಾಗ ಹೆಣ್ಣು ಕಾವಲು ಕಾಯುತ್ತದೆ ಅಂತ ಕಾಣುತ್ತೆ. ಬರೆದಿದ್ದೇನೆ, ಕೇಳು" ಎಂದು ಓದತೊಡಗಿದರು. "ಈ ಜಾತಿಯ ಹೆಣ್ಣು ಹಗಲಿನಲ್ಲೂ ನಿದ್ರಿಸದು..."

"ಸುಳ್ಳು ಸ್ವಾಮಿ" ಎಂದೆ.

ಅವರು ತಲೆ ಎತ್ತಿದರು. ನನಗೇ ಆಶ್ಚರ್ಯವಾಗಿತ್ತು. ಒಬ್ಬ ಹೆಂಗಸಿನ ಮೇಲೆ ಸುಳ್ಳು ಬರೆದಾಗ ಬಾಯಿ ಬಿಡದೆ ಕೂತಿದ್ದವನು, ಇಲಿಯ ಮೇಲೆ ಸುಳ್ಳು ಬರೆದಾಗ ತಡೆಯಲಾರದೆ ಹೋದೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೂ ಇದ್ದದ್ದು ಹೀಗೆಯೇ.

"ಅದೂ ಮಲಗೋ ಇಲಿನೇ ಸ್ವಾಮಿ. ಮೊಲ ನೋಡಿ, ಹಾಲು ಕಟ್ಕಂಡು ಗಟ್ಟಿಯಾಗದ. ಮರಿ ಬುಟ್ಟು ಬಂದದ. ಮರಿ ತಾವು ಓಗಕ ಒದ್ದಾಡ್ತದ, ಅದ್ಕ ಮಲ್ಗಿಲ್ಲ. ಕಾವಲೂ ಇಲ್ಲ, ಯಾನೂ ಇಲ್ಲ."

"ಮರಿಗಳು ಎಲ್ಲಿವೆ?"

"ಸುಟ್ಟೋದೊ. ಮರ ನಾನೇ ಸುಟ್ಟಾಕ್ದೆ."

ಒಂದು ಮಾತು ಹೊರಗೆ ಬಂದ ಮೇಲೆ ಉಳಿದದ್ದನ್ನು ಹಿಡಿದಿಡಲು ಆಗಲಿಲ್ಲ. ಗಡಿಗೆ, ಚೂರು, ಜಗಲಿ, ಹೆಬ್ಬೆಟ್ಟು, ಪಾಸು, ಎಲ್ಲವನ್ನೂ ಹೇಳಿಬಿಟ್ಟೆ. ಪ್ರೊಫೆಸರು ಬಗ್ಗಿ ಬೋನಿನಲ್ಲಿದ್ದ ಹೆಣ್ಣನ್ನು ನೋಡಿದರು. ಆಮೇಲೆ ಪೆನ್ನು ತೆಗೆದು ಪುಸ್ತಕದ ಆ ಸಾಲನ್ನು ಹೊಡೆದುಹಾಕಿದರು. ಕೆಲಸದ ಅರ್ಜಿಯನ್ನು ಕೈಗೆ ತೆಗೆದುಕೊಂಡರು.

"ಮೊದಲು ರೇಂಜರ ಹತ್ತಿರ ಹೋಗಿ ಇದನ್ನೇ ಹೇಳಬೇಕು ನೀನು. ಹೇಳಿದ ಮೇಲೆ ನಿನ್ನ ಮೇಲೆ ಮೊಕದ್ದಮೆ ಇರುತ್ತದೆ. ಅಂಥವರನ್ನು ಕಾಲೇಜಿಗೆ ಸೇರಿಸಿಕೊಳ್ಳುವುದಿಲ್ಲ, ಮಾದಣ್ಣ. ಹೇಳದಿದ್ದರೆ ನಾನೇ ಸೇರಿಸಿಕೊಳ್ಳುವುದಿಲ್ಲ."

"ಗೊತ್ತು ಸ್ವಾಮಿ. ಆ ಹೆಣ್ಣಿಲಿ ಕೊಟ್ಬುಡಿ, ಬುಟ್ಟು ಬತ್ತೀನಿ."

"ಎಲ್ಲಿ ಬಿಡುತ್ತೀಯ?"

ಬಿಡಲು ಆ ಮರವನ್ನೇ ನಾನು ಉಳಿಸಿರಲಿಲ್ಲ. ಅವರು ಅರ್ಜಿಯನ್ನು ಮಡಿಚಿ ಜೇಬಿ​ಗಿಟ್ಟುಕೊಂಡರು. ಚಾಮರಾಜನಗರದ ಸಂಬಂಧ ಅಲ್ಲಿಗೆ ಮುರಿಯಿತು. ಮುಂದೆ ಚಾಮುಂಡಿಗೆ ಬೇರೆ ಊರಿನಲ್ಲಿ ಗಂಡು ಸಿಕ್ಕಿತು, ಆದರೆ ಅಂದು ಬಂಗಲೆಯ ಮೆಟ್ಟಿಲು ಇಳಿಯುವಾಗ ನನಗೆ ಅದು ಗೊತ್ತಿರಲಿಲ್ಲ. ಮಗಳ ಮದುವೆಯನ್ನು ನನ್ನ ಕೈಯಾರೆ ಸುಟ್ಟೆ ಎಂದುಕೊಂಡೇ ಇಳಿದೆ.

ರೇಂಜರ ಮನೆ ಪೇಟೆಯಲ್ಲೇ ಇತ್ತು. ಎಲ್ಲವನ್ನೂ ಕೇಳಿ ಅವರು ನನ್ನನ್ನು ಬಾಯಿಗೆ ಬಂದ ಹಾಗೆ ಬಯ್ದರು, ನಾನು ತಲೆ ಬಗ್ಗಿಸಿ ನಿಂತೆ. ಕಾಗದ ಇನ್ನೂ ಮೇಲಕ್ಕೆ ಕಳಿಸಿರಲಿಲ್ಲ. ಹೊಸದಾಗಿ ನನ್ನ ಹೆಸರಿನಲ್ಲಿ ಬರೆಸಿ ಹೆಬ್ಬೆಟ್ಟು ಒತ್ತಿಸಿಕೊಂಡರು. ದಂಡ ಕಟ್ಟಲಾಗದಿದ್ದರೆ ಮಳೆ ಬೀಳುವವರೆಗೆ ಕಾಡಿನಲ್ಲಿ ಬೆಂಕಿ ಗೆರೆ ಸವರುವ ಕೆಲಸ ಮಾಡಬೇಕು ಎಂದರು. ಒಪ್ಪಿದೆ. ಚಿಕ್ಕಬಸವಯ್ಯನನ್ನು ಬೇರೆ ಕಡೆಗೆ ವರ್ಗ ಮಾಡುತ್ತೇನೆ ಎಂದರು.

"ಆ ಹೆಂಗಸಿನ ಹಳೆಯ ಹೇಳಿಕೆ ರದ್ದಾಗಬೇಕಾದರೆ ಅವಳೇ ನನ್ನೆದುರಿಗೆ ಬಂದು ಇನ್ನೊಂದು ಹೆಬ್ಬೆಟ್ಟು ಒತ್ತಬೇಕು. ನಾಳೆ ಕರೆದುಕೊಂಡು ಬಾ. ಪಾಸು ಇಲ್ಲೇ ಇದೆ" ಎಂದರು.

ಸೋಮವಾರ ಮೊದಲ ಬಸ್ಸಿಗೆ ಮದ್ದೂರಿಗೆ ಹೋದೆ. ಚಿಕ್ಕನಿಂಗಮ್ಮನ ಗುಡಿಸಲ ಮುಂದೆ ಪಾತ್ರೆ, ಕಂಬಳಿ, ಕುಡುಗೋಲು ಎಲ್ಲ ಒಂದು ಗಂಟಾಗಿತ್ತು. ತೆರಕಣಾಂಬಿಯಲ್ಲಿ ತಮ್ಮನ ಮನೆ ಇದೆ, ಅಲ್ಲಿಗೆ ಹೋಗಲು ಸಿದ್ಧವಾಗಿದ್ದಳು. ನನ್ನನ್ನು ಕಂಡು ಗಂಟು ಬಿಗಿಯುವುದನ್ನು ನಿಲ್ಲಿಸಲಿಲ್ಲ.

"ರೇಂಜರು ಕರೀತಾರ ಅಕ್ಕ. ಹೆಬ್ಬೆಟ್ಟು ಒತ್ಬೇಕಂತ."

"ಇನ್ಯಾವ ಕಾಡು ಸುಟ್ಟೆ ನಾನು?"

"ಅದಲ್ಲ. ನಾ ಎಲ್ಲಾನೂ ಯೋಳ್ಬುಟ್ಟೆ. ಮೈಸೂರು ಮೇಷ್ಟ್ರ ತಾವು ಯೋಳ್ದೆ, ರೇಂಜರ ತಾವು ಯೋಳ್ದೆ. ನನ್ನೆಸ್ರಲ್ಲಿ ಬರ್ಕಂಡ್ರು. ಕೆಲ್ಸನೂ ಓಯ್ತು. ನಿನ್ ಪಾಸು ಕೊಡ್ತಾರ, ಬಾ ಓಗನ."

ಒಂದೇ ಉಸಿರಿಗೆ ಹೇಳಿದೆ. ಸತ್ಯ ಹೇಳಬೇಕೆಂದರೆ ಅವಳು ಸಂತೋಷಪಡುತ್ತಾಳೆ, 'ಬುಡು ಮಾದಣ್ಣ, ಆದದ್ದು ಆಯ್ತು' ಎನ್ನುತ್ತಾಳೆ ಎಂದುಕೊಂಡಿದ್ದೆ. ಕೆಲಸ ಕಳೆದುಕೊಂಡು ಬಂದಿದ್ದೇನಲ್ಲ, ಅಷ್ಟಾದರೂ ಸಿಗುತ್ತದೆ ಎಂದಿತ್ತು. ಅವಳು ನೆಟ್ಟಗೆ ನಿಂತು ನನ್ನ ಮುಖ ನೋಡಿದಳು. ಸುಟ್ಟ ಹುಬ್ಬಿನ ಜಾಗದಲ್ಲಿ ಚರ್ಮ ಸುಲಿದಿತ್ತು.

"ಮೇಷ್ಟ್ರ ತಾವು ಯೋಳ್ದೆ. ರೇಂಜರ ತಾವು ಯೋಳ್ದೆ. ನನ್ ತಾವು ಇನ್ನೂ ಯೋಳ್ನಿಲ್ಲ ಕಣ್ಲಾ ನೀನು."

ಅವಳಿಗೆ ಹೇಳಬೇಕು ಎನ್ನುವುದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಎಲ್ಲ ಅವಳಿಗೆ ಗೊತ್ತಿದೆಯಲ್ಲ ಎಂದುಕೊಂಡಿದ್ದೆ. ಹೆಗಲ ಮೇಲಿನ ಟವೆಲು ತೆಗೆದು ಕೈಯಲ್ಲಿ ಹಿಡಿದುಕೊಂಡೆ. ಅವಳು ಕಾದಳು.

"ತಪ್ಪಾಯ್ತು ಕಣಕ್ಕ. ನೀನು ಬ್ಯಾಡ ಅಂದಿದ್ದೆ, ನಾನೇ ಹಚ್ದೆ. ಆಮ್ಯಾಕ ನಿನ್ ಮ್ಯಾಲ ಆಕ್ದಾಗ ನೋಡ್ಕಂಡು ಸುಮ್ಗ ಕುಂತಿದ್ದೆ."

ಅವಳು ಬಗ್ಗಿ ಗಂಟು ಬಿಚ್ಚಿದಳು. ಕಂಬಳಿ ತೆಗೆದು ಒಳಗಿಟ್ಟಳು, ಪಾತ್ರೆಗಳನ್ನು ಒಂದೊಂದಾಗಿ ಒಳಗಿಟ್ಟಳು, ಕುಡುಗೋಲನ್ನು ಸೂರಿಗೆ ಸಿಕ್ಕಿಸಿದಳು. ತಡಿಕೆ ಬಾಗಿಲು ಎಳೆದು ಹಗ್ಗ ಕಟ್ಟಿದಳು.

"ಓಗ್ಲಿ ಬುಡು ಅನ್ನಕ ನಂಗ ಆಗದಿಲ್ಲ" ಎಂದಳು. "ನಡಿ, ಬಸ್ಸು ತಪ್ಪೋಯ್ತದ."